ನಿದ್ದೆ ಬಾರದವರ ಚೀಟಿ

ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ನಾನು ಫಾರ್ಮಸಿಸ್ಟ್ ಆಗಿದ್ದೆ, ಊರವರಿಗೆ ಕಾಂಪೌಂಡರಣ್ಣ. ಔಷಧಿ ಕಿಟಕಿಗೆ ಬರುವ ಎಷ್ಟೋ ಮಂದಿಗೆ ಜ್ವರವೂ ಇರುತ್ತಿರಲಿಲ್ಲ, ಗಾಯವೂ ಇರುತ್ತಿರಲಿಲ್ಲ. ಎದೆ ಡವಡವ, ಅಂಗಾಲು ಉರಿ, ತಲೆಭಾರ. "ರಾತ್ರಿಯೆಲ್ಲಾ ತಲಿಯಾಗ ಸೇಂಗಾ ಗಿರಣಿ ತಿರುಗಿದಂಗ ಆಗತೈತಣ್ಣಾ" ಎಂದಿದ್ದಳು ಒಬ್ಬ ತಾಯಿ. ಸಾಲ, ಮಗಳ ಮದುವೆ, ಕೈಕೊಟ್ಟ ಮಳೆ, ಮತ್ತೆ ಸಾಲ. ನಾವು ಬಿ-ಕಾಂಪ್ಲೆಕ್ಸ್ ಸೂಜಿ ಹಾಕಿ ಕಳಿಸುತ್ತಿದ್ದೆವು. ಅದಕ್ಕೂ ಬಗ್ಗದಿದ್ದರೆ ಕೊಟ್ಟೂರು, ಮೈಲಾರದ ದೇವರು, ಇಲ್ಲವೇ ದರ್ಗಾದ ತಾಯತ.

ಬೆಂಗಳೂರಲ್ಲಿ ದೊಡ್ಡ ಆಸ್ಪತ್ರೆ ಇತ್ತು ನಿಜ. ಹತ್ತೊಂಬತ್ತನೇ ಶತಮಾನದ ನಡುಭಾಗದಲ್ಲಿ ಹುಚ್ಚಾಸ್ಪತ್ರೆಯಾಗಿ ಶುರುವಾಗಿ, 1925ರಲ್ಲಿ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆ ಅನ್ನಿಸಿಕೊಂಡು, 1974ರಲ್ಲಿ ನಿಮ್ಹಾನ್ಸ್ ಆಯಿತು. ನಮ್ಮ ಕಡೆಯವರ ಬಾಯಲ್ಲಿ ಮಾತ್ರ ಅದು ಹುಚ್ಚಾಸ್ಪತ್ರೆಯೇ. ನಿದ್ದೆ ಕೆಟ್ಟಿತೆಂದು ಅಷ್ಟು ದೂರ ಬಸ್ಸು ಹತ್ತುವವರು ಯಾರು?

ಅಲ್ಲಿನ ವೈದ್ಯರೇ ಹೊರಗೆ ಬಂದರು. ಮೊದಲು ಬನ್ನೇರುಘಟ್ಟ ಕಡೆಯ ಸಕಲವಾರದಲ್ಲಿ ಹಳ್ಳಿಗಳ ಕೆಲಸ. ಎಂಬತ್ತರ ದಶಕದ ನಡುವೆ ನಮ್ಮ ಜಿಲ್ಲೆ, ಸುಮಾರು 15 ಲಕ್ಷ ಜನ. ಹೊಸ ಕಟ್ಟಡ ಕಟ್ಟಲಿಲ್ಲ. ಇದ್ದ ಡಾಕ್ಟರಿಗೆ, ಮನೆಮನೆ ತಿರುಗುವ ಸಿಸ್ಟರುಗಳಿಗೆ ತರಬೇತಿ ಕೊಟ್ಟರು, ನನ್ನ ಕಪಾಟಿಗೆ ಕ್ಲೋರ್‌ಪ್ರೊಮಜಿನ್, ಇಮಿಪ್ರಮಿನ್, ಫಿನೋಬಾರ್ಬಿಟೋನ್ ಬಂದವು. ಲಕ್ಷ್ಯವೆಲ್ಲ ತೀವ್ರ ಮಾನಸಿಕ ಕಾಯಿಲೆ, ಮೂರ್ಛೆರೋಗದ ಮೇಲೆ. ಸರಪಳಿಯಲ್ಲಿ ಕೂತಿದ್ದವರಿರುವಾಗ ಅದೇ ಸರಿ. ಯೋಚನೆಯಲ್ಲೇ ಬೆಂದವರು ಅವರ ಬೆನ್ನಿಗೆ ಬಂದರು, ಕರೆಯದೆಯೇ.

ಖಿನ್ನತೆ ಅಂತ ಡಾಕ್ಟರು ಇಮಿಪ್ರಮಿನ್ ಬರೆದರೆ ನನಗೆ ಪೇಚಾಟ. ಮಾತ್ರೆ ನುಂಗಿದ ಎರಡನೇ ದಿನಕ್ಕೇ ಬಾಯಿ ಒಣಗುತ್ತದೆ, ಮಲ ಕಟ್ಟುತ್ತದೆ. ಮನಸ್ಸು ಹಗುರಾಗಲು ಎರಡು-ಮೂರು ವಾರ ಬೇಕು. ಮೊದಲು ತೊಂದರೆ, ಆಮೇಲೆ ಗುಣ! ಸೂಜಿಗೆ ಒಗ್ಗಿದ ಜನ ಇದನ್ನು ನಂಬುತ್ತಾರೆಯೇ? ಚೀಟಿ ವಾಪಸು ತಂದು ಕಿಟಕಿಯಲ್ಲಿ ಕುಕ್ಕುತ್ತಿದ್ದರು. "ಮಜ್ಜಿಗಿ ಕುಡಿ, ಸಂಜಿ ಮ್ಯಾಲ ಚಾ ಬಿಡು, ಬಿಡಬ್ಯಾಡ ಗುಳಿಗಿ" ಎಂದು ದಿನವೂ ಹೇಳಬೇಕು. ಹಾಗೆ ಹೇಳುವಾಗಲೇ ಸಾಲದ ಕಥೆ ಹೊರಬೀಳುತ್ತಿತ್ತು. ನನಗನ್ನಿಸುವಂತೆ ಕೆಲವರಿಗೆ ಅಷ್ಟೇ ಸಾಕಿತ್ತು. ಗುಳಿಗೆ ಬೇಕೇ ಬೇಕಾದವರೂ ಇದ್ದರು.

1996ರಲ್ಲಿ ಕೇಂದ್ರ ಸರ್ಕಾರ 4 ಜಿಲ್ಲೆಗಳಲ್ಲಿ ಮಾನಸಿಕ ಆರೋಗ್ಯದ ಇದೇ ಕೆಲಸ ಶುರು ಮಾಡಿದಾಗ ಮಾದರಿ ಬಳ್ಳಾರಿಯದೇ. ಅಷ್ಟರಲ್ಲಿ ನನ್ನ ಪೇಚಾಟ ಕಡಿಮೆಯಾಗಿತ್ತು. ಸಾಲಿನಲ್ಲಿ ನಿಂತ ಹಳಬರೇ ಹೊಸಬರಿಗೆ ಹೇಳಿಕೊಡುತ್ತಿದ್ದರು, ಬಾಯಿ ಒಣಗಿದರೆ ಹೆದರಬೇಡವೆಂದು.