ಕಡಗಂಚಿ ಛಲೋನೋ, ಕಲಬುರಗಿನೋ?

ನಮ್ಮಪ್ಪ ಅಫಜಲಪುರದಿಂದ ಓದಲಿಕ್ಕೆ ಹೋಗಿದ್ದು ಹೈದರಾಬಾದಿಗೆ. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಆಗ ಉರ್ದುವಿನಲ್ಲೇ ಕಲಿಸುತ್ತಿತ್ತು. ಪಠ್ಯಪುಸ್ತಕ ಒದಗಿಸಲಿಕ್ಕೆಂದೇ ಅಲ್ಲೊಂದು ಅನುವಾದ ಶಾಖೆಯಿತ್ತು. ಮನೆಯಲ್ಲಿ ಕನ್ನಡ, ಕ್ಲಾಸಿನಲ್ಲಿ ಉರ್ದು. ಆಯ್ಕೆಯ ಮಾತೇ ಇಲ್ಲ, ರೈಲು ಹೋದ ಕಡೆ ವಿದ್ಯೆ.

1956ರಲ್ಲಿ ಕಲಬುರಗಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ನಮ್ಮ ಮುಖ ಧಾರವಾಡಕ್ಕೆ ತಿರುಗಿತು. ಅಲ್ಲಿನ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ 1970ರಲ್ಲಿ ಕಲಬುರಗಿಗೆ ಬಂತು. 1980ರಲ್ಲಿ ಅದೇ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. ಊರಿಗೆ ಹತ್ತಿರವೆಂದು ನಾನು ಎಂ.ಎ.ಗೆ ಸೇರಿದೆ. ಯಾವ ಮೇಷ್ಟ್ರು ಏನು ಸಂಶೋಧನೆ ಮಾಡಿದ್ದಾರೆಂದು ಕೇಳಬೇಕೆಂಬುದು ಹೊಳೆದೇ ಇರಲಿಲ್ಲ. (ಹಾಸ್ಟೆಲ್ ಊಟ ಹೇಗಿದೆ ಅಂತ ಮಾತ್ರ ಕೇಳಿದ್ದೆ.)

ಈಗ ಜೇವರ್ಗಿಯಲ್ಲಿರುವ ತಂಗಿಯ ಮೊಮ್ಮಗಳು ಕೇಳುತ್ತಾಳೆ: "ಮುತ್ಯಾ, ಪಿಎಚ್.ಡಿ.ಗೆ ಕಡಗಂಚಿ ಛಲೋನೋ, ಕಲಬುರಗಿನೋ?" 2009ರಲ್ಲಿ ಹುಟ್ಟಿದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಈಗ ಆಳಂದ ತಾಲೂಕಿನ ಕಡಗಂಚಿಯಲ್ಲಿದೆ.

"ಕಟ್ಟಡ ನೋಡಬ್ಯಾಡವ್ವಾ, ಶೋಧಗಂಗಾ ತೆಗಿ" ಅಂದೆ. ದೇಶದ ಪಿಎಚ್.ಡಿ. ಪ್ರಬಂಧಗಳು ಅಲ್ಲಿ ಬಿಟ್ಟಿ ಸಿಗುತ್ತವೆ. ವಿಶ್ವವಿದ್ಯಾಲಯದ ಒಟ್ಟು ರ್‍ಯಾಂಕಿಗಿಂತ ನೀನು ಸೇರುವ ವಿಭಾಗ ದೊಡ್ಡದು. ಕಳೆದ ಐದು ವರ್ಷದಲ್ಲಿ ಅಲ್ಲಿಂದ ಎಷ್ಟು ಪ್ರಬಂಧ ಬಂದವು, ಮಾರ್ಗದರ್ಶಕರು ಯಾರು, ವಿಷಯ ಹೊಸದೋ ಹಳೆಯ ಶೀರ್ಷಿಕೆಗೆ ಬೇರೆ ತಾಲೂಕಿನ ಹೆಸರು ಅಂಟಿಸಿದ್ದೋ ನೋಡು. ಪ್ರೊಫೆಸರರೊಬ್ಬರು ಒಮ್ಮೆಗೆ ಎಂಟು ಸಂಶೋಧನಾರ್ಥಿಗಳಿಗಷ್ಟೇ ಮಾರ್ಗದರ್ಶನ ಮಾಡಬಹುದು. ಜಾಗ ಖಾಲಿ ಇದೆಯೇ ವಿಚಾರಿಸು.

ಮರುದಿನ ಫೋನ್ ಮಾಡಿದಳು. ಮೂರು ಪ್ರಬಂಧ ಓದಿದ್ದಳಂತೆ. ಎರಡರ ಪೀಠಿಕೆ ಹೆಚ್ಚುಕಮ್ಮಿ ಒಂದೇ.