ಸುಂಕದ ಗೋಡೆಯಾಚೆಯ ಗುಡ್ಡ

ಪ್ಯಾರಿಸ್ಸಿನ ಮೊಂಮಾರ್ತ್ ಗುಡ್ಡಕ್ಕೆ ಹೊರಟವರು ಅಬ್ಬೆಸ್ ಮೆಟ್ರೋ ನಿಲ್ದಾಣದಲ್ಲಿ ಲಿಫ್ಟಿಗೆ ಕಾಯುವುದೇ ಒಳ್ಳೆಯದು. ಸುರುಳಿ ಮೆಟ್ಟಿಲು ಹತ್ತಿದರೆ ಏದುಸಿರು ಖಂಡಿತ. ನಿಲ್ದಾಣ ನೆಲದಿಂದ 36 ಮೀಟರ್ ಕೆಳಗಿದೆ, ಪ್ಯಾರಿಸ್ ಮೆಟ್ರೋದ ಅತಿ ಆಳದ ನಿಲ್ದಾಣಗಳಲ್ಲೊಂದು. ಗುಡ್ಡ ಎತ್ತರವೇನೋ ಹೌದು, ಹೊಟ್ಟೆ ಮಾತ್ರ ಟೊಳ್ಳು. ಶತಮಾನಗಳ ಕಾಲ ಇಲ್ಲಿ ಜಿಪ್ಸಮ್ ತೋಡಿ, ಗೂಡಿನಲ್ಲಿ ಸುಟ್ಟು, ಪುಡಿ ಮಾಡಿ ಊರಿಗೆಲ್ಲ ಸಾಗಿಸಿದರು. ಗಣೇಶನ ಹಬ್ಬ ಬಂದಾಗಲೆಲ್ಲ ನಮ್ಮಲ್ಲಿ ಜಗಳಕ್ಕೆ ಕಾರಣವಾಗುವ ಪ್ಲಾಸ್ಟರ್ ಆಫ್ ಪ್ಯಾರಿಸ್‌ಗೆ ಹೆಸರು ತಂದ ಗಣಿಗಳಲ್ಲಿ ಇಲ್ಲಿನವೂ ಸೇರಿವೆ.

1860ರವರೆಗೆ ಮೊಂಮಾರ್ತ್ ಪ್ಯಾರಿಸ್ಸಿಗೆ ಸೇರಿರಲಿಲ್ಲ. ನಗರದ ಸುತ್ತಲಿನ ಸುಂಕದ ಗೋಡೆಯೊಳಗೆ ಬಂದ ವೈನಿಗೆ ತೆರಿಗೆ, ಗೋಡೆಯಾಚೆ ಅದೇ ವೈನ್ ಅಗ್ಗ. ಭಾನುವಾರ ಜನ ಗುಡ್ಡ ಹತ್ತುತ್ತಿದ್ದದ್ದು ಗಂಟಲು ತಣಿಸಲು, ಕುಣಿಯಲು. ಗಾಳಿಗಿರಣಿಯೊಂದರ ಅಂಗಳವೇ ಕುಣಿತದ ತಾಣವಾಯಿತು. 1876ರಲ್ಲಿ ಚಿತ್ರಕಾರ ರೆನ್ವಾರ್ ಚಿತ್ರಿಸಿದ್ದು ಅದನ್ನೇ. ಅಷ್ಟರಲ್ಲಿ ನಗರದ ಆಡಳಿತಾಧಿಕಾರಿ ಓಸ್ಮಾನ್ ಹಳೆಯ ಪ್ಯಾರಿಸ್ ಕೆಡವಿ ಅಗಲ ರಸ್ತೆ ಹಾಕಿದ್ದ, ಬಾಡಿಗೆ ತೆರಲಾರದ ಕೂಲಿಯವರು ಇತ್ತ ಸರಿದಿದ್ದರು. ಚಿತ್ರಕಾರರು ಸ್ಫೂರ್ತಿ ಹುಡುಕಿಕೊಂಡು ಮೇಲೆ ಬಂದರೆಂಬುದು ಆಮೇಲೆ ಹಬ್ಬಿದ ಮಾತು. ಬಾಡಿಗೆ ಕಮ್ಮಿಯಿತ್ತು, ಬಂದರು.

ಈ ಬಡವರ ಗುಡ್ಡ ಸಿಟ್ಟಿನ ಗುಡ್ಡವೂ ಆಗಿತ್ತು. ಫ್ರಾನ್ಸ್ ಪ್ರಷ್ಯಾದೆದುರು ಸೋತ ಮೇಲೆ ಜನ ತಮ್ಮ ಕಾವಲು ದಳದ ಫಿರಂಗಿಗಳನ್ನು ಮೇಲೆ ತಂದಿಟ್ಟುಕೊಂಡಿದ್ದರು. 1871ರ ಮಾರ್ಚ್ 18ರ ನಸುಕಿನಲ್ಲಿ ಅವನ್ನು ಕಸಿಯಲು ಸರ್ಕಾರ ಸೈನ್ಯ ಕಳಿಸಿತು. ಫಿರಂಗಿ ಎಳೆಯಬೇಕಾದ ಕುದುರೆಗಳು ಹೊತ್ತಿಗೆ ಸರಿಯಾಗಿ ಬರಲಿಲ್ಲ. ಅಷ್ಟರಲ್ಲಿ ಹೆಂಗಸರು ಮಕ್ಕಳೆಲ್ಲ ಎದ್ದು ಬಂದು ಮುತ್ತಿಕೊಂಡರು. ಸಿಪಾಯಿಗಳು ಗುಂಡು ಹಾರಿಸಲು ಒಪ್ಪಲಿಲ್ಲ. ಅದೇ ದಿನ ಇಬ್ಬರು ಜನರಲ್‌ಗಳು ಹತರಾದರು, ಪ್ಯಾರಿಸ್ ಕಮ್ಯೂನ್ ಎಂಬ ಜನರ ಬಂಡಾಯ ಶುರುವಾಯಿತು. ಮೇ ಕೊನೆಯ ಹೊತ್ತಿಗೆ ಸರ್ಕಾರ ರಕ್ತದ ಕೋಡಿ ಹರಿಸಿ ಅದನ್ನು ಅಡಗಿಸಿತು.

1875ರಲ್ಲಿ ಗುಡ್ಡದ ನೆತ್ತಿಯಲ್ಲಿ ಸಾಕ್ರೆ ಕರ್ ಚರ್ಚಿಗೆ ಅಡಿಗಲ್ಲು ಬಿತ್ತು. ಟೊಳ್ಳು ನೆಲ ಭಾರ ತಾಳುವಂತಿರಲಿಲ್ಲ. 83 ಬಾವಿಗಳನ್ನು 30 ಮೀಟರಿಗೂ ಮಿಕ್ಕಿ ಆಳಕ್ಕೆ ತೋಡಿ ಕಲ್ಲು ತುಂಬಿ ಕಂಬ ಮಾಡಬೇಕಾಯಿತು. ಕಮ್ಯೂನನ್ನು ನೆನೆಯುವ ಮಂದಿಗೆ, ಬಂಡಾಯ ಹುಟ್ಟಿದ ಗುಡ್ಡದಲ್ಲೇ ಎದ್ದ ಈ ಬಿಳಿ ಗುಮ್ಮಟ ಇಂದಿಗೂ ಕಣ್ಣುರಿ. ಚರ್ಚಿನ ಕೆಳಗಿನ ಉದ್ಯಾನಕ್ಕೆ 2004ರಲ್ಲಿ ಕಮ್ಯೂನಿನ ಹೋರಾಟಗಾರ್ತಿ ಲೂಯಿಸ್ ಮಿಶೆಲ್ ಹೆಸರಿಟ್ಟರು. ತಡವಾದರೂ ತಕ್ಕ ಉತ್ತರವೇ.

ಪಿಕಾಸೋ 1904ರಲ್ಲಿ ಬಂದು ಸೇರಿದ ಬಾತೋ ಲಾವ್ವಾರ್ ಮರದ ಹಲಗೆಗಳ ಮುರುಕು ವಠಾರ. ಇಡೀ ವಠಾರಕ್ಕೆ ಒಂದೇ ನಲ್ಲಿ. ಆಧುನಿಕ ಚಿತ್ರಕಲೆಯ ದಿಕ್ಕು ಬದಲಿಸಿದ ‘ಅವಿಗ್ನಾನ್‌ನ ತರುಣಿಯರು’ 1907ರಲ್ಲಿ ಆದದ್ದು ಅಲ್ಲೇ.

ಹೊಸ ಕಲೆಯನ್ನು ಕಂಡರಾಗದವರೂ ಇದೇ ಗುಡ್ಡದಲ್ಲಿದ್ದರು. 1910ರಲ್ಲಿ ಬರಹಗಾರ ರೋಲಾಂ ದೊರ್ಜೆಲೆಸ್ ಮತ್ತು ಗೆಳೆಯರು ಲಪಾಂ ಅಜಿಲ್ ಎಂಬ ಪಾನಗೃಹದ ಯಜಮಾನನ ಕತ್ತೆ ಲೋಲೋನ ಬಾಲಕ್ಕೆ ಕುಂಚ ಕಟ್ಟಿದರು. ಕ್ಯಾರೆಟ್ ಕೊಟ್ಟಾಗ ಕತ್ತೆ ಖುಷಿಯಿಂದ ಬಾಲ ಬೀಸುತ್ತಿತ್ತು, ಕ್ಯಾನ್ವಾಸಿಗೆ ಬಣ್ಣ ಬೀಳುತ್ತಿತ್ತು. ನಾಳೆ ಯಾರೂ ಸುಳ್ಳೆನ್ನಬಾರದೆಂದು ಕೋರ್ಟಿನ ಅಮೀನನನ್ನು ಕರೆಸಿ ಎಲ್ಲವನ್ನೂ ದಾಖಲು ಮಾಡಿಸಿದ್ದರು! ಆಡ್ರಿಯಾಟಿಕ್ ಕಡಲ ಸೂರ್ಯಾಸ್ತವೆಂದು ಹೆಸರಿಟ್ಟು, ಬೊರೊನಾಲಿ ಎಂಬ ಇಲ್ಲದ ಇಟಲಿಯವನ ಹೆಸರಲ್ಲಿ ಪ್ರದರ್ಶನಕ್ಕೆ ಕಳಿಸಿದರು. ಗುಟ್ಟು ರಟ್ಟು ಮಾಡಿದವರೂ ಅವರೇ. ಚೇಷ್ಟೆಯ ಹಿಂದೆ ಸ್ವಲ್ಪ ಹೊಟ್ಟೆಕಿಚ್ಚೂ ಇದ್ದಿರಬೇಕು.

ಹೆಸರು ಬಂದಂತೆ ಬಾಡಿಗೆಯೂ ಏರಿತು, ಚಿತ್ರಕಾರರು ನದಿಯಾಚೆಯ ಮೊಂಪರ್ನಾಸ್‌ಗೆ ಗಂಟುಮೂಟೆ ಕಟ್ಟಿದರು. ಉಳಿದವರು ಇದ್ದುದನ್ನು ಕಾಯಲು ನಿಂತರು: ಖಾಲಿ ಇಳಿಜಾರಿನಲ್ಲಿ ಕಟ್ಟಡ ಏಳದಿರಲೆಂದು 1933ರಲ್ಲಿ ದ್ರಾಕ್ಷಿ ನೆಟ್ಟರು, ಅದಿನ್ನೂ ಫಲ ಕೊಡುತ್ತಿದೆ. ಪ್ಲಾಸ್ ದ್ಯು ತೆರ್ತ್ರ್ ಚೌಕದಲ್ಲಿ ಪ್ರವಾಸಿಗರ ಮುಖ ಬಿಡಿಸುವವರಿಗೆ ಈಗ ಪಾಲಿಕೆಯ ಪರವಾನಗಿ ಬೇಕು. ವರ್ಷಕ್ಕೆ ಶುಲ್ಕ ಕಟ್ಟಬೇಕು. ಸಿಗುವ ಜಾಗ ಸುಮಾರು ಒಂದು ಚದರ ಮೀಟರ್, ಅದನ್ನೂ ಇಬ್ಬರು ಸರದಿಯ ಮೇಲೆ ಹಂಚಿಕೊಳ್ಳಬೇಕು.