ಬಿಸಿಲು ನಮ್ದು, ಕೆಲಸ ಯಾರ್ದು?

1/7
ಔರಾದ್ ಬಸ್ ಸ್ಟ್ಯಾಂಡಿನಾಗ ಹೈದರಾಬಾದ್ ಬಸ್ಸಿಗೆ ಕಾಯೋ ಹುಡುಗರನ್ನ ನೀವೂ ನೋಡಿರ್ತೀರಿ. ಐಟಿಐ ಮುಗಿದದ, ಡಿಪ್ಲೊಮಾ ಮುಗಿದದ, ಊರಾಗ ಕೆಲಸ ಇಲ್ಲ. ಈಗ ಮನಿಮನಿಯೊಳಗ ಒಂದೇ ಮಾತು: "ಸೋಲಾರ್ ಬರ್ತದಂತಲ್ರಿ, ನಮ್ಮ ಹುಡುಗಗ ಕೆಲಸ ಸಿಗ್ತದಾ?"
ಉತ್ತರ ಹುಡುಕೋಕೆ ಸ್ವಲ್ಪ ಹಿಂದಕ್ಕೆ ಹೋಗೋಣ. ಹೊರಗಿನಿಂದ ಬಂದ ವಿದ್ಯೆ ಈ ಜಿಲ್ಲೆಗೆ ಹೊಸದೇನಲ್ಲ. ಯಾವುದು ಉಳಿಯಿತು, ಯಾವುದು ಹೋಯಿತು ಅನ್ನೋದನ್ನ ನೋಡಿದ್ರೆ ಸಾಕು.

2/7
ಬೀದರ್‌ನ ನೌಬಾದ್ ಕಡೆ ಇರುವ ಸುರಂಗ ಬಾವಿಯ ಬಗ್ಗೆ ಕೇಳಿರ್ತೀರಿ. ಇದಕ್ಕೇ ಕರೇಜ್ ಅಂತಾರೆ. ಬಹಮನಿ ಕಾಲದಲ್ಲಿ ಪರ್ಷಿಯಾ ಕಡೆಯಿಂದ ಬಂದ ವಿದ್ಯೆ. ನೆಲದಡಿ ಸುರಂಗ ಕೊರೆದು, ಅದಕ್ಕೆ ಸಣ್ಣ ಇಳಿಜಾರು ಕೊಟ್ಟು, ಅಂತರ್ಜಲ ತಾನಾಗಿಯೇ ಹರಿದು ಬರುವಂತೆ ಮಾಡಿದ್ದರು. ಎಣ್ಣೆ ಬೇಡ, ಕರೆಂಟ್ ಬೇಡ. ಗಾಳಿಗೆ, ಮಣ್ಣು ತೆಗೆಯೋದಕ್ಕೆ ಅಂತ ಅಲ್ಲಲ್ಲಿ ಮೇಲಿನಿಂದ ಬಾವಿಯಂಥ ಕಿಂಡಿಗಳು.
ಆ ಕಿಂಡಿಗಳೇ ಒಂದು ವಿಷಯ ಹೇಳ್ತಾವೆ: ಕಟ್ಟಿದವರಿಗೆ ರಿಪೇರಿ ಎಂದೂ ಮುಗಿಯದ ಕೆಲಸ ಅಂತ ಗೊತ್ತಿತ್ತು. ಕಾಲಕಾಲಕ್ಕೆ ಇಳಿದು ಹೂಳು ತೆಗೆಯೋ ಮಂದಿ ಬೇಕಿತ್ತು. ಆ ಕೆಲಸ ನಿಂತಮೇಲೆ ಸುರಂಗ ಹೂಳು ತುಂಬಿ ಮರೆತುಹೋಯಿತು. ಕಳೆದ ದಶಕದಲ್ಲಿ ಮತ್ತೆ ಹೂಳು ತೆಗೆಸಬೇಕಾಯಿತು.

3/7
ಬಿದ್ರಿ ಕಲೆ ನೋಡ್ರಿ. ಅದರ ಬೇರೂ ಹೊರಗಿನದೇ. ಸತು ಮತ್ತು ತಾಮ್ರದ ಎರಕ, ಅದರ ಮೇಲೆ ಬೆಳ್ಳಿಯ ಕುಸುರಿ, ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರದ ಕಪ್ಪು ಬಣ್ಣ. ಇಲ್ಲಿನ ಮಣ್ಣೇ ಬೇಕು, ಇಲ್ಲಿನ ಕೈಯೇ ಬೇಕು. ತಂದೆಯಿಂದ ಮಗನಿಗೆ, ಉಸ್ತಾದರಿಂದ ಶಾಗಿರ್ದರಿಗೆ ಇಳಿದು ಬಂದದ್ದಕ್ಕೇ ಇವತ್ತಿಗೂ ಬದುಕಿದೆ. 2023ರಲ್ಲಿ ಬೀದರ್‌ನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದದ್ದು ನೆನಪಿದೆಯಲ್ಲ?
ಎರಡೂ ಹೊರಗಿನಿಂದ ಬಂದ ವಿದ್ಯೆಗಳೇ. ಒಂದರಲ್ಲಿ ಕಲಿಸುವವರೂ ದಿನದ ಕೆಲಸವೂ ಊರಲ್ಲೇ ಉಳಿದರು. ಇನ್ನೊಂದರಲ್ಲಿ ಉಳಿಯಲಿಲ್ಲ.

4/7
ಈಗ ಸೋಲಾರ್‌ಗೆ ಬರೋಣ. ನಮ್ಮಲ್ಲಿ ಓದಿದವರಿಗೆ ಬರವಿಲ್ಲ. ಬೀದರ್‌ನ ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜು 1980ರದು, ಭಾಲ್ಕಿಯ ಭೀಮಣ್ಣ ಖಂಡ್ರೆ ತಾಂತ್ರಿಕ ಕಾಲೇಜು 1982ರದು. 2021ರಿಂದ 2024ರವರೆಗೆ ಕೇಂದ್ರದಲ್ಲಿ ನವೀಕರಿಸಬಹುದಾದ ಇಂಧನ ಖಾತೆಯ ರಾಜ್ಯ ಸಚಿವರಾಗಿದ್ದವರು ಔರಾದ್‌ನವರೇ ಆದ ಭಗವಂತ ಖೂಬಾ. ಕೇಂದ್ರದ ವಿದ್ಯುತ್ ಮಾರ್ಗ ಯೋಜನೆಯಲ್ಲಿ ಬೀದರ್ ಸೌರ ವಲಯಕ್ಕೆ ಗುರುತಿಸಿರುವುದು 2,500 ಮೆಗಾವಾಟ್.
ಇಷ್ಟು ದೊಡ್ಡ ಅಂಕಿ ಕೇಳಿದ್ರೆ ಸಾವಿರಾರು ನೌಕರಿ ಕಣ್ಣ ಮುಂದೆ ಬರ್ತಾವೆ. ಆದ್ರೆ ಇಂಥದ್ದನ್ನ ನಮಗಿಂತ ಮೊದಲು ನೋಡಿದ ಊರು ಒಂದಿದೆ.

5/7
ತುಮಕೂರು ಜಿಲ್ಲೆಯ ಪಾವಗಡ. ಸುಮಾರು 13,000 ಎಕರೆ, 2,050 ಮೆಗಾವಾಟ್. 2018ರಲ್ಲಿ ಉದ್ಘಾಟನೆ, 2019ರ ಕೊನೆಗೆ ಪೂರ್ತಿ. ಭೂಮಿಯನ್ನು ಕೊಳ್ಳಲಿಲ್ಲ, ರೈತರಿಂದ ಗುತ್ತಿಗೆಗೆ ಪಡೆದರು: ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಬರದ ನಾಡಿನ ಭೂಮಾಲೀಕರಿಗೆ ಅದು ದೊಡ್ಡ ಆಸರೆ.
ಆದ್ರೆ ಭೂಮಿ ಇಲ್ಲದವರಿಗೆ? ಕೂಲಿ ಕೊಡ್ತಿದ್ದ ಹೊಲವೇ ಬೇಲಿಯೊಳಗೆ ಹೋಯಿತು. ಕಂಬ ನೆಡುವಾಗ, ಕೇಬಲ್ ಎಳೆಯುವಾಗ ಕೈತುಂಬ ಕೆಲಸ ಇತ್ತು. ಕಟ್ಟಿ ಮುಗಿದಮೇಲೆ ಸ್ಥಳೀಯರ ಪಾಲಿಗೆ ಹೆಚ್ಚಾಗಿ ಉಳಿದದ್ದು ಕಾವಲು, ಹುಲ್ಲು ಕೀಳೋದು, ಪ್ಯಾನೆಲ್ ತೊಳೆಯೋದು. ಸೋಲಾರ್ ಪಾರ್ಕಿನ ಸ್ವಭಾವವೇ ಹಾಗೆ. ತಿರುಗುವ ಯಂತ್ರವಿಲ್ಲ, ಕಲ್ಲಿದ್ದಲು ಸುರಿಯೋದಿಲ್ಲ, ಒಮ್ಮೆ ನಿಂತಮೇಲೆ ಹೆಚ್ಚು ಕೈಗಳು ಬೇಕಾಗೋದಿಲ್ಲ.

6/7
ಇನ್ನೊಂದು ಲೆಕ್ಕ ನೋಡ್ರಿ, ಇದೇ ಮುಖ್ಯ. ಸಿಇಇಡಬ್ಲ್ಯು ಮತ್ತು ಎನ್‌ಆರ್‌ಡಿಸಿ ಸಂಸ್ಥೆಗಳ 2017ರ ಅಧ್ಯಯನದ ಪ್ರಕಾರ ನೆಲದ ಮೇಲಿನ ದೊಡ್ಡ ಸೋಲಾರ್ ಒಂದು ಮೆಗಾವಾಟ್‌ಗೆ 3.45 'ಉದ್ಯೋಗ ವರ್ಷ' ಕೊಡ್ತದೆ. ಅಂದ್ರೆ ಮೂರೂವರೆ ಮಂದಿಗೆ ಒಂದು ವರ್ಷದ ಕೆಲಸ. ಮನೆ ಮಾಳಿಗೆ ಮೇಲಿನ ಸೋಲಾರ್ ಅಷ್ಟೇ ಮೆಗಾವಾಟ್‌ಗೆ 24.72 ಕೊಡ್ತದೆ. ಏಳು ಪಟ್ಟು! ಯಾಕಂದ್ರೆ ಪ್ರತಿ ಮಾಳಿಗೆ ಬೇರೆ, ಪ್ರತಿ ವೈರಿಂಗ್ ಬೇರೆ, ಮನಿಮನಿಗೆ ಹೋಗಿ ಅಳತೆ ತಗೋಬೇಕು, ತಿಳಿಸಿ ಹೇಳಬೇಕು, ಕೂಡಿಸಬೇಕು.
3 ಕಿಲೋವಾಟ್‌ನ 333 ಮನೆ ಸೇರಿದ್ರೆ ಒಂದು ಮೆಗಾವಾಟ್. ಅಷ್ಟು ಮನೆ ಭಾಲ್ಕಿಯ ಕೆಲವೇ ಓಣಿಗಳಲ್ಲಿ ಸಿಗ್ತಾವೆ.
2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ. ತೊಡಕೂ ಇದೆ: ಗೃಹಜ್ಯೋತಿಯಿಂದ ಬಿಲ್ಲೇ ಬಾರದ ಮನೆಯವರು ಮಾಳಿಗೆ ಮೇಲೆ ಯಾಕೆ ದುಡ್ಡು ಹಾಕ್ತಾರೆ? ಹಾಗಾಗಿ ಮೊದಲು ಅಂಗಡಿ, ಆಸ್ಪತ್ರೆ, ಲಾಡ್ಜ್, ಹಿಟ್ಟಿನ ಗಿರಣಿ, ದೊಡ್ಡ ಮನೆಗಳ ಕಡೆ ನೋಡಬೇಕು. ಹೊಲದ ಸೋಲಾರ್ ಪಂಪಿಗೂ ಕೆಟ್ಟಾಗ ಹತ್ತಿರದ ಮೆಕ್ಯಾನಿಕ್ ಬೇಕೇ ಬೇಕು.

7/7
ಹಂಗಾದ್ರೆ ಏನು ಕಲೀಬೇಕು?
▪️ ಬುನಾದಿ ಎಲೆಕ್ಟ್ರಿಷಿಯನ್ ವಿದ್ಯೆ. ಎರಡು ವರ್ಷದ ಐಟಿಐ. ಸೋಲಾರ್ ಬೇಡಿಕೆ ಇಳಿದ್ರೂ ಇದು ಅನ್ನ ಕೊಡ್ತದೆ.
▪️ ವಿದ್ಯುತ್ ಪರಿವೀಕ್ಷಣಾಲಯದ ವೈರ್‌ಮನ್ ಪರವಾನಗಿ. ಸರ್ಟಿಫಿಕೇಟ್ ಇದ್ದು ಪರವಾನಗಿ ಇಲ್ಲದಿದ್ರೆ ಇನ್ನೊಬ್ಬರ ಕೈಕೆಳಗೇ ಉಳೀತೀರಿ.
▪️ ಅದರ ಮೇಲೆ ಸೋಲಾರ್ ತರಬೇತಿ. 2015ರಲ್ಲಿ ಶುರುವಾದ ಸೂರ್ಯಮಿತ್ರ ಕೋರ್ಸ್ 600 ಗಂಟೆಯದು, ಸುಮಾರು ಮೂರು ತಿಂಗಳು.
▪️ ಡಿಪ್ಲೊಮಾ, ಎಂಜಿನಿಯರಿಂಗ್ ಆದವರು ಸಬ್‌ಸ್ಟೇಷನ್, ರಿಲೇ, ಇನ್ವರ್ಟರ್ ಕೆಲಸ ಕಲೀರಿ. ಪಾರ್ಕ್ ಕಟ್ಟಿ ಮುಗಿದಮೇಲೂ ಉಳಿಯೋ ನೌಕರಿ ಅಲ್ಲಿದೆ.
ಇನ್ನು ಊರಿನ ಹಿರಿಯರಿಗೆ, ಪಂಚಾಯ್ತಿಯವರಿಗೆ ಒಂದು ಮಾತು. ಯೋಜನೆಯವರು ಬಂದಾಗ "ಎಷ್ಟು ಮಂದಿಗೆ ಕೆಲಸ?" ಅಂತ ಕೇಳಿ ಬಿಡಬೇಡ್ರಿ. ಎಷ್ಟು ತಿಂಗಳು? ಕಟ್ಟಿ ಮುಗಿದಮೇಲೆ ಎಷ್ಟು ಮಂದಿ? ಕಲಿಸೋರು ಯಾರು, ಎಲ್ಲಿ? ಭೂಮಿ ಇಲ್ಲದವರಿಗೆ ಏನು? ಈ ಉತ್ತರ ಕಾಗದದ ಮೇಲೆ ತಗೊಂಡು ಆಮೇಲೆ ಸಹಿ ಮಾಡ್ರಿ.

ಐಟಿಐ ಓದೋ ತಮ್ಮ, ತಂಗಿ ಇದ್ರೆ ಇದನ್ನ ಕಳಿಸಿ. ನಿಮ್ಮ ಊರಾಗ ಸೋಲಾರ್ ಕೆಲಸ ಮಾಡೋರು ಇದ್ರೆ ಅವರು ಹೆಂಗ ಕಲಿತರು ಅಂತ ಕೆಳಗೆ ಬರೀರಿ, ಉಳಿದವರಿಗೂ ದಾರಿ ಸಿಗ್ತದೆ.

#ಬೀದರ್ #ಭಾಲ್ಕಿ #ಔರಾದ್ #ಕಲ್ಯಾಣಕರ್ನಾಟಕ #ನಮ್ಮಇತಿಹಾಸ #ಸೌರಶಕ್ತಿ #ಉದ್ಯೋಗ